ಹಾಲವ್ವನ ಕೈಗೊಂದು ಕ್ಯಾಮೆರಾ

ದಸರಾ ರಜೆ ಶುರುವಾದ ಎರಡನೇ ದಿನ ಬೆಳಿಗ್ಗೆ ಏಳಕ್ಕೆ ನಾನೂ ನಮ್ಮ ಮನೆಯವರೂ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದೆವು. ಚೀಲದಲ್ಲಿ ಮೂರು ದಿನಕ್ಕಾಗುವಷ್ಟು ಬಟ್ಟೆ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಕ್ಯಾಮೆರಾ ಹುಡುಕಿಕೊಂಡು ಊರೂರು ತಿರುಗಲು ಹೊರಟಿದ್ದೇವೆ ಎಂದಾಗ ಪಕ್ಕದ ಮನೆಯ ಈರಮ್ಮ ಬಾಗಿಲಲ್ಲೇ ನಿಂತು ನಕ್ಕಿದ್ದಳು. "ಫೋನಿನ್ಯಾಗ ಐತಲ್ರಿ ಟೀಚರ್ ಕ್ಯಾಮೆರಾ, ಮತ್ತ ಯಾಕ?"

ಫೋನಿನಲ್ಲಿ ಇದ್ದದ್ದೇ ತೊಂದರೆಯಾಗಿತ್ತು. ನಾನು ಕೂಡ್ಲಿಗಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಎರಡು ವರ್ಷಗಳಿಂದ ನನಗೊಂದು ಹುಚ್ಚು ಹಿಡಿದಿದೆ. ನಮ್ಮ ಕಡೆಯ ಹಳೆಯ ಹೆಣ್ಣುಮಕ್ಕಳ ಕೈಮೇಲಿನ ಹಚ್ಚೆಗಳನ್ನು ನೋಡಿ ನೋಡಿ ಹಾಳೆಯ ಮೇಲೆ ಬರೆದುಕೊಳ್ಳುವುದು. ಚೇಳು, ತೊಟ್ಟಿಲು, ತುಳಸಿಕಟ್ಟೆ, ಬಾಸಿಂಗ, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ ಬಳ್ಳಿಗಳು. ಆದರೆ ಎಂಬತ್ತು ದಾಟಿದವರು ನನ್ನ ಪೆನ್ಸಿಲ್ಲಿಗಾಗಿ ಎಷ್ಟು ಹೊತ್ತು ಕೈ ಚಾಚಿ ಕೂತಾರು? ಅದಕ್ಕೇ ಮೊದಲು ಫೋಟೋ ತೆಗೆದುಕೊಂಡು ಆಮೇಲೆ ಮನೆಯಲ್ಲಿ ಬರೆದರಾಯಿತು ಎಂದುಕೊಂಡೆ.

ಕಳೆದ ಯುಗಾದಿಗೆ ಹಿರೇಹಡಗಲಿಯ ನಮ್ಮ ದೊಡ್ಡವ್ವನ, ಅಂದರೆ ನಮ್ಮ ಅವ್ವನ ಅಕ್ಕ ಹಾಲವ್ವನ ಎಡಗೈಯನ್ನು ಫೋನಿನಲ್ಲಿ ತೆಗೆದೆ. ಮೊಣಕೈಯಿಂದ ಬೆರಳಿನವರೆಗೆ ಅಷ್ಟು ತುಂಬಿದ ಹಚ್ಚೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ತೆಗೆದು ತೋರಿಸಿದರೆ, ಫೋನು ತನ್ನ ಬುದ್ಧಿ ಉಪಯೋಗಿಸಿ ಚರ್ಮವನ್ನೆಲ್ಲ ನಯ ಮಾಡಿಬಿಟ್ಟಿತ್ತು. ಸುಕ್ಕಿನ ಜೊತೆಗೆ ಮಾಸಿದ ಹಸಿರು ಗೆರೆಗಳೂ ಹೋಗಿದ್ದವು. ದೊಡ್ಡವ್ವ ಬಹಳ ಹೊತ್ತು ನೋಡಿ, "ಇದು ಯಾರ ಕೈ ಲೇ?" ಎಂದಳು. ನಿನ್ನದೇ ಎಂದೆ. "ನನ್ನ ಕೈಯಾಗ ಹಚ್ಚಿ ಇರತಾವ. ಅಳಿಸಿ ಕೊಟ್ಟೀಯಲ್ಲ. ಇನ್ನ ನಿನಗ ಕೈ ತೋರ್ಸಂಗಿಲ್ಲ" ಎಂದು ಸೆರಗು ಎಳೆದುಕೊಂಡವಳು, ಆಮೇಲೆ ಎರಡು ಸಲ ಹೋದಾಗಲೂ ನನ್ನೆದುರು ಸೆರಗಿನಿಂದ ಕೈ ಹೊರಗೆ ತೆಗೆಯಲಿಲ್ಲ. ಇನ್ನೊಂದು ಸಲ ಕೇಳಲು ಹೋದರೆ ಸರಿಯಾದ ಕ್ಯಾಮೆರಾ ಹಿಡಿದೇ ಹೋಗಬೇಕು ಎಂದು ತೀರ್ಮಾನಿಸಿದೆ. ಆದರೆ ಸರಿಯಾದದ್ದು ಯಾವುದು? ಅಂಗಡಿಯವರಿಗೆ ಫೋನು ಮಾಡಿದರೆ ಹತ್ತು ಹೆಸರು ಹೇಳುತ್ತಿದ್ದರು, ನನಗೆ ಒಂದೂ ತಿಳಿಯುತ್ತಿರಲಿಲ್ಲ. ಕೊನೆಗೆ ನಮ್ಮ ಮನೆಯವರೇ ದಾರಿ ಹೇಳಿದರು. "ಕ್ಯಾಮೆರಾ ಇಟ್ಟುಕೊಂಡವರ ಹತ್ರಾನ ಹೋಗಿ, ಹಿಡಿದು ನೋಡಿ, ಆಮ್ಯಾಲ ತಗೊಳ್ಳೋಣು."

ಅವರು ರುದ್ರಪ್ಪ. ಮೂವತ್ತು ವರ್ಷ ಇದೇ ರಸ್ತೆಗಳಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದು ಹೋದ ವರ್ಷ ನಿವೃತ್ತರಾದರು. ಈ ಐದು ತಾಲ್ಲೂಕುಗಳಲ್ಲಿ ಅವರಿಗೆ ಪರಿಚಯವಿಲ್ಲದ ಊರಿಲ್ಲ. ಬಸ್ಸಿನಲ್ಲಿ ನನಗೆ ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ ಹರಿದ ಕಂಡಕ್ಟರು ಅವರಿಂದ ದುಡ್ಡು ತೆಗೆದುಕೊಂಡಾಗ, "ನೋಡು, ನನ್ನ ಬಸ್ಸಿನ್ಯಾಗ ನಾನ ದುಡ್ಡು ಕೊಟ್ಟು ಕುಂದ್ರೂ ಕಾಲ ಬಂತು" ಎಂದು ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದರು. ಆಮೇಲೆ ಕಿಟಕಿಯ ಪಕ್ಕ ಕೂತು ಸಣ್ಣ ಮಕ್ಕಳ ಹಾಗೆ ಹೊರಗೆ ನೋಡತೊಡಗಿದರು. ರಸ್ತೆಯ ಒಂದು ಬದಿಗೆ ಉದ್ದಕ್ಕೂ ಮೆಕ್ಕೆಜೋಳ ಒಣಗಲು ಹರವಿದ್ದರು. ಡ್ರೈವರು ಅದನ್ನು ತುಳಿಯದ ಹಾಗೆ ಬಸ್ಸನ್ನು ವಾಲಿಸಿ ನಡೆಸುತ್ತಿದ್ದ. "ಮೂವತ್ತು ವರ್ಷ ಈ ಗುಡ್ಡ ನಾನು ನೋಡೇ ಇಲ್ಲ ನೋಡು. ಬರೇ ಜನರ ಕೈ ನೋಡಿದೆ" ಎಂದರು.

ಹಗರಿಬೊಮ್ಮನಹಳ್ಳಿಯಲ್ಲಿ ಇಳಿದಾಗ ಎಂಟೂವರೆ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಗ್ಗಾಣಿ, ಮಿರ್ಚಿ ತಿಂದು ಮುಗಿಸುವಷ್ಟರಲ್ಲಿ ಹನುಮಂತಪ್ಪ ಬಂದರು. ಒಂದು ಕಾಲದಲ್ಲಿ ನಮ್ಮ ಮನೆಯವರ ಬಸ್ಸಿನ ಡ್ರೈವರು. "ರೈಟ್ ರೈಟ್ ಕಂಡಕ್ಟರ್ ಸಾಹೇಬ್ರ!" ಎಂದು ರಸ್ತೆಯಾಚೆಯಿಂದಲೇ ಕೂಗಿದರು. ಕೊರಳಲ್ಲಿ ಕಪ್ಪನೆಯ ಕ್ಯಾಮೆರಾ ತೂಗುತ್ತಿತ್ತು. ನಿವೃತ್ತಿಯಾದ ಮೇಲೆ ಅವರಿಗೆ ಹಕ್ಕಿಗಳ ಗೀಳು ಹತ್ತಿತ್ತು. ದಿನಾ ಬೆಳಿಗ್ಗೆ ಅಂಕಸಮುದ್ರದ ಕೆರೆಗೆ ಹೋಗದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲವಂತೆ.

ಆಟೋದಲ್ಲಿ ಕೆರೆಗೆ ಹೋದೆವು. ಮಳೆಗಾಲ ಮುಗಿಯುತ್ತ ಬಂದು ಕೆರೆ ತುಂಬಿತ್ತು. ನೀರಿನ ನಡುವೆ ನಿಂತ ಜಾಲಿಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಬಣ್ಣದ ಕೊಕ್ಕರೆಗಳು ಸಂತೆ ನೆರೆದಂತೆ ಗದ್ದಲ ಹಾಕುತ್ತಿದ್ದವು. ಹನುಮಂತಪ್ಪ ಕ್ಯಾಮೆರಾದ ಗುಂಡಿಯೊಂದನ್ನು ಒತ್ತಿದರು. ಲೆನ್ಸು ಆಮೆಯ ಕತ್ತಿನ ಹಾಗೆ ಮುಂದೆ ಮುಂದೆ ಬಂತು. ನನ್ನ ಕೈಗೆ ಕೊಟ್ಟು, "ಆ ಎಡಗಡೆ ಮರದ ತುದಿಗೆ ನೋಡ್ರಿ ಅಕ್ಕಾರ" ಎಂದರು. ನೋಡಿದೆ. ಬರಿಗಣ್ಣಿಗೆ ಬಿಳಿ ಚುಕ್ಕಿಯಾಗಿದ್ದ ಕೊಕ್ಕರೆ ನನ್ನ ಮೂಗಿನ ಮುಂದೆ ನಿಂತಿತ್ತು. ಅದು ಕಣ್ಣು ಮಿಟುಕಿಸಿದ್ದೂ ಕಂಡಿತು. ನಾನು ಅಯ್ಯೋ ಎಂದು ಕ್ಯಾಮೆರಾ ಕೆಳಗಿಳಿಸಿ, ಅದು ನಿಜವಾಗಿಯೂ ದೂರದಲ್ಲೇ ಇದೆಯೇ ಎಂದು ನೋಡಿಕೊಂಡೆ. ಅವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಷ್ಟು ಮೆಗಾಪಿಕ್ಸೆಲ್ಲು?" ನಮ್ಮ ಮನೆಯವರು ಕೇಳಿದರು. ಕ್ಯಾಮೆರಾ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅದೊಂದೇ ಶಬ್ದ.

"ಯಾವನಿಗೆ ಗೊತ್ತು? ಹಕ್ಕಿ ಕಣ್ಣು ಕಾಣ್ತೈತಿ, ಅಷ್ಟ ಗೊತ್ತು" ಎಂದರು ಹನುಮಂತಪ್ಪ.

ಎರಡು ತಾಸು ಆ ಕ್ಯಾಮೆರಾವನ್ನು ನಾನು ಕೆಳಗಿಳಿಸಲಿಲ್ಲ. ಹಚ್ಚೆ ಮರೆತೇ ಹೋಯಿತು. ಇದೇ ಬೇಕು, ಇಂಥದ್ದೇ ತೆಗೆದುಕೊಂಡು ನಾನೂ ಭಾನುವಾರಕ್ಕೊಮ್ಮೆ ಇಲ್ಲಿಗೆ ಬರಬೇಕು ಎಂದು ಮನಸ್ಸಿನಲ್ಲಿ ಪೂರ್ತಿ ನಿಶ್ಚಯವಾಗಿತ್ತು. ನನ್ನನ್ನು ನೆಲಕ್ಕಿಳಿಸಿದವರು ಹನುಮಂತಪ್ಪನವರ ಹೆಂಡತಿ ಗಂಗಮ್ಮ. ಮಧ್ಯಾಹ್ನ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಬಡಿಸುವ ಕೈಯ ಮೇಲೆ ಸಣ್ಣದೊಂದು ಚೇಳಿನ ಹಚ್ಚೆ ಕಂಡಿತು. ಊಟವಾದ ಮೇಲೆ ಅದನ್ನೇ ತೆಗೆಯಲು ನೋಡಿದೆ. ದೂರ ನಿಂತು ಲೆನ್ಸು ಎಳೆದರೆ ಮನೆಯೊಳಗಿನ ಮಬ್ಬಿಗೆ ಚಿತ್ರವೆಲ್ಲ ರವೆ ಉದುರಿಸಿದಂತೆ ಕಾಳುಕಾಳಾಯಿತು. ಹತ್ತಿರ ಹೋದರೆ ಕ್ಯಾಮೆರಾದ ಮೂತಿಯ ನೆರಳೇ ಕೈಮೇಲೆ ಬಿತ್ತು. ಹತ್ತು ಸಲ ತೆಗೆದೆ. ಚೇಳು ಹತ್ತು ಸಲವೂ ಇರುವೆಯಾಗಿ ಬಂತು.

"ದೂರದ್ದು ತರಾಕ ಮಾಡಿದ್ದಿದು. ನಿಮಗ ಹತ್ತಿರದ್ದು ಬೇಕಾಗೈತಿ" ಎಂದರು ಹನುಮಂತಪ್ಪ, ತಮ್ಮ ಕ್ಯಾಮೆರಾಕ್ಕೆ ಬಂದ ಸೋಲನ್ನು ಸ್ವಲ್ಪವೂ ಮನಸ್ಸಿಗೆ ಹಚ್ಚಿಕೊಳ್ಳದೆ. ಆ ರಾತ್ರಿ ಅವರ ಮನೆಯಲ್ಲೇ ಉಳಿದೆವು.

ಮರುದಿನ ಹೊಸಪೇಟೆ ಕಡೆಯಿಂದ ಬರುವ ಪ್ಯಾಸೆಂಜರ್ ರೈಲಿಗೆ ಕೊಟ್ಟೂರಿಗೆ ಹೊರಟೆವು. ತಲೆಗೆ ಹತ್ತು ರೂಪಾಯಿ ಟಿಕೆಟ್. "ಬಸ್ಸಿನವನನ್ನ ರೈಲಿಗೆ ಹತ್ತಿಸಿದೆಲ್ಲ" ಎಂದು ನಮ್ಮ ಮನೆಯವರು ಗೊಣಗಿದರೂ, ರೈಲು ಹೊರಟ ಮೇಲೆ ಬಾಗಿಲ ಹತ್ತಿರದಿಂದ ಕದಲಲಿಲ್ಲ. ಡಬ್ಬಿಯಲ್ಲಿ ನಾಲ್ಕೇ ಜನ. ತುಂತುರು ಮಳೆ ಬಂದು ನಿಂತು ಎರಡೂ ಕಡೆಯ ಈರುಳ್ಳಿ ಹೊಲಗಳು ತೊಳೆದಂತೆ ಕಾಣುತ್ತಿದ್ದವು. ಎದುರಿಗೆ ಕೂತ ಅಜ್ಜಿಯೊಬ್ಬಳು ನಮ್ಮ ರೊಟ್ಟಿ ತಿಂದು, "ಚಟ್ನಿಗೆ ಬಳ್ಳೊಳ್ಳಿ ಕಡಿಮಿ ಆತು" ಎಂದು ಹೇಳಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದಳು.

ಕೊಟ್ಟೂರಿನಲ್ಲಿ ಶಿವಕುಮಾರನ ಸ್ಟುಡಿಯೋ ಇದೆ. ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಸ್ಕೇಲು ಕೊಟ್ಟರೂ ನೆಟ್ಟಗೆ ಗೆರೆ ಎಳೆಯದವನು ಈಗ ಸುತ್ತಲಿನ ಮದುವೆಗಳಿಗೆಲ್ಲ ಬೇಕಾದ ಫೋಟೋಗ್ರಾಫರ್. "ಟೀಚರ್, ಬರ್ರಿ ಬರ್ರಿ" ಎಂದು ಕುರ್ಚಿ ಒರೆಸಿ ಕೂಡಿಸಿ, ತನ್ನ ದೊಡ್ಡ ಕ್ಯಾಮೆರಾ ತಂದು ನನ್ನ ಕೊರಳಿಗೆ ಹಾಕಿದ. ಕೊರಳು ಮುಂದಕ್ಕೆ ಬಾಗಿತು. ಅದರ ಲೆನ್ಸು ಅಡಿಕೆ ಕುಟ್ಟುವ ಒರಳಿನಷ್ಟು ದಪ್ಪ. ಅವನು ತೆಗೆದ ಮದುವೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೋರಿಸಿದ. ಮದುಮಗಳ ರೆಪ್ಪೆಯ ಮೇಲಿನ ಅಕ್ಕಿಕಾಳು ಕೂಡ ಎಣಿಸಬಹುದಿತ್ತು, ಹಿಂದಿನ ಜನರೆಲ್ಲ ಮಂಜಿನಲ್ಲಿ ಕರಗಿದಂತಿದ್ದರು. ಗೆರೆ ಬಾರದಿದ್ದವನಿಗೆ ಬೆಳಕು ಒಲಿದಿತ್ತು. ನನಗೆ ಬಹಳ ಸಂತೋಷವಾಗಿ, "ಎಷ್ಟು ಚಂದ ತೆಗೆದೀಯಪ್ಪ" ಎಂದೆ. ಅವನು ನಾಚಿಕೊಂಡು, "ಎಲ್ಲ ನೀವು ಕಲಿಸಿದ್ದು" ಎಂದ. ಅದು ಶುದ್ಧ ಸುಳ್ಳು. ಇಬ್ಬರಿಗೂ ಗೊತ್ತಿತ್ತು.

"ಇದು ಎಷ್ಟು ಮೆಗಾಪಿಕ್ಸೆಲ್ಲು?" ನಮ್ಮ ಮನೆಯವರು ಕೇಳಿದರು. ಅವನು ಹೇಳಿದ. ಅವರು ಬಹಳ ತಿಳಿದವರಂತೆ ತಲೆಯಾಡಿಸಿದರು.

ನಮ್ಮ ಮನೆಯವರ ಕೈಯನ್ನು ಟೇಬಲ್ಲಿನ ಮೇಲೆ ಇಡಿಸಿ, ಅಂಗೈಯ ಗೆರೆಗಳನ್ನು ಹತ್ತಿರದಿಂದ ತೆಗೆಯಲು ಪ್ರಯತ್ನಿಸಿದೆ. ಕ್ಯಾಮೆರಾ ಒಂದೇ ಸಮನೆ ಗರ್ ಗರ್ ಎಂದು ಒದ್ದಾಡಿತೇ ಹೊರತು ಚಿತ್ರ ಸ್ಪಷ್ಟವಾಗಲಿಲ್ಲ. "ಹಿಂದ ಸರೀರಿ ಟೀಚರ್, ಇನ್ನೂ ಹಿಂದ" ಎನ್ನುತ್ತ ಅವನು ನನ್ನನ್ನು ಬಾಗಿಲವರೆಗೆ ತಂದ. ಅಷ್ಟು ಹಿಂದೆ ಬಂದ ಮೇಲೆ ಅಂಗೈ ಸ್ಪಷ್ಟವಾಯಿತು, ಆದರೆ ಅಕ್ಕಪಕ್ಕದ ಟೇಬಲ್ಲು, ಕುರ್ಚಿ, ಕ್ಯಾಲೆಂಡರೂ ಬಂದವು.

ಆಗ ಶಿವಕುಮಾರ ಕ್ಯಾಮೆರಾವನ್ನು ಬದಿಗಿಟ್ಟು ನನ್ನೆದುರು ಕೂತ. "ಟೀಚರ್, ಎಲ್ಲಾರೂ ಬಂದು ಯಾವ ಕ್ಯಾಮೆರಾ ಚಲೋ ಅಂತ ಕೇಳ್ತಾರ. ನೀವು ಮೊದಲು ನಿಮಗ ಎಂಥ ಫೋಟೋ ಬೇಕು ಹೇಳ್ರಿ. ಹಕ್ಕಿ ಬೇಕೋ, ಮದುವಿ ಬೇಕೋ, ಓಡೋ ಮಕ್ಕಳು ಬೇಕೋ. ಅದು ಗೊತ್ತಾದ್ರ ಕ್ಯಾಮೆರಾ ಅರ್ಧ ಸಿಕ್ಕಂಗ."

ನಾನು ಚೀಲದಿಂದ ನನ್ನ ಚಿತ್ರಗಳನ್ನು ತೆಗೆದು ತೋರಿಸಿದೆ. ಕೈಯಗಲದಷ್ಟು ಜಾಗ, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಗೆರೆ, ಮಾಸಿದ ಬಣ್ಣ, ಸುಕ್ಕಿದ ಚರ್ಮ, ಒಳಮನೆಯ ಮಬ್ಬು ಬೆಳಕು, ಕೈ ಚಾಚಿ ಕೂತು ಬೇಸರವಾಗುವ ಮುದುಕಿ. ಇಷ್ಟೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನನಗೇನು ಬೇಕೆಂಬುದು ಮೊದಲ ಸಲ ತಿಳಿಯಾಯಿತು. ಅವನು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, "ಮ್ಯಾಕ್ರೋ ಲೆನ್ಸ್ ಬೇಕ್ರಿ ನಿಮಗ. ಇರುವಿ ಕಾಲು ತೆಗೆಯೋವಂಥದ್ದು. ನನ್ನ ಹತ್ರ ಇಲ್ಲ, ಮದುವ್ಯಾಗ ಯಾರಿಗೆ ಬೇಕು ಅದು? ಆದ್ರ ಹರಪನಹಳ್ಳ್ಯಾಗ ಹಲ್ಲಿನ ಡಾಕ್ಟರಮ್ಮ ಒಬ್ರು ಅದಾರ, ಹಲ್ಲಿನ ಫೋಟೋ ತೆಗಿಯಾಕ ಇಟ್ಕೊಂಡಾರ. ಹೊಸಾದು ತಗೊಂಡೀನಿ, ಹಳೇದು ಯಾರಿಗಾದ್ರೂ ಬೇಕಾ ಅಂತ ಮೊನ್ನೆ ಕೇಳಿದ್ರು" ಎಂದ. ಅಲ್ಲೇ ಅವರಿಗೆ ಫೋನು ಮಾಡಿ ನಾವು ಸಂಜೆಗೆ ಬರುತ್ತೇವೆಂದು ಹೇಳಿದ. ಹೊರಡುವಾಗ ಮಂಡಕ್ಕಿ ಕಟ್ಟಿಸಿ ಕೊಟ್ಟ. ಹರಪನಹಳ್ಳಿ ಬಸ್ಸಿನಲ್ಲಿ ನಮ್ಮ ಮನೆಯವರು ಮಂಡಕ್ಕಿ ಮುಕ್ಕುತ್ತ, "ಹಲ್ಲಿನ ಡಾಕ್ಟರ್ ಹತ್ರ ನಾನ್ಯಾಕ ಬರಬೇಕು, ಬಸ್ ಸ್ಟ್ಯಾಂಡಿನ್ಯಾಗ ಕುಂತಿರ್ತೀನಿ" ಎಂದರು. ದಿನಕ್ಕೆ ಹತ್ತು ಸಲ ಅಡಿಕೆ ಎಲೆ ಹಾಕುವವರ ಭಯ ನನಗೆ ಅರ್ಥವಾಯಿತು. ಬಿಡಲಿಲ್ಲ, ಕರೆದುಕೊಂಡೇ ಹೋದೆ.

ಹರಪನಹಳ್ಳಿಯ ಆ ಡಾಕ್ಟರು ಶಬಾನಾ, ನಲವತ್ತರ ಆಸುಪಾಸಿನ, ಸಣ್ಣ ಕಟ್ಟಿನ ಹೆಣ್ಣುಮಗಳು. ನಾವು ಹೋದಾಗ ಪೇಷಂಟುಗಳು ಮುಗಿದಿದ್ದರು. ಕ್ಯಾಮೆರಾವನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರು. ಹನುಮಂತಪ್ಪನವರದಕ್ಕಿಂತ ಸ್ವಲ್ಪ ದೊಡ್ಡದು, ಶಿವಕುಮಾರನದಕ್ಕಿಂತ ಬಹಳ ಸಣ್ಣದು. ಹಿಂದಿನ ಪರದೆ ಕಿಟಕಿ ಬಾಗಿಲಿನಂತೆ ತೆರೆದು ಬೇಕಾದ ಕಡೆ ತಿರುಗುತ್ತಿತ್ತು. ಲೆನ್ಸಿನ ಮೂತಿಯ ಸುತ್ತ ಬಳೆಯಂಥ ಫ್ಲ್ಯಾಷು. ನಮ್ಮ ಮನೆಯವರು ಬಾಯಿ ತೆರೆದು "ಎಷ್ಟು ಮೆಗಾ..." ಎನ್ನುವಷ್ಟರಲ್ಲಿ ಡಾಕ್ಟರು, "ಹಾಂ, ಹಂಗೇ ಇರ್ರಿ, ಬಾಯಿ ಮುಚ್ಚಬೇಡ್ರಿ" ಎಂದು ಕ್ಯಾಮೆರಾ ಅವರ ಮುಖಕ್ಕೆ ಹಿಡಿದು ಕ್ಲಿಕ್ ಮಾಡಿದರು.

ಪರದೆಯ ಮೇಲೆ ಬಂದದ್ದನ್ನು ನೋಡಿ ನಾನು ಕುರ್ಚಿಯಲ್ಲಿ ಹಿಂದೆ ಸರಿದೆ. ಒಂದೊಂದು ಹಲ್ಲೂ ಕೋಟೆಯ ಕಲ್ಲಿನಷ್ಟು. ಮೂವತ್ತು ವರ್ಷದ ಅಡಿಕೆ ಎಲೆಯ ಕಲೆ ಪದರ ಪದರವಾಗಿ, ಹಲ್ಲಿನ ಸಂದಿಯಲ್ಲಿ ಆ ಮಧ್ಯಾಹ್ನದ ಮಂಡಕ್ಕಿಯ ಒಂದು ತುಣುಕು.

"ಯಜಮಾನ್ರೇ, ಅಡಿಕೆ ಬಿಡ್ರಿ" ಎಂದರು ಡಾಕ್ಟರು.

"ಬಿಟ್ಟೀನ್ರಿ" ಎಂದರು ಇವರು, ಈಗಷ್ಟೇ ಹಾಕಿಕೊಂಡಿದ್ದ ಎಲೆಯನ್ನು ದವಡೆಯ ಒಂದು ಮೂಲೆಗೆ ತಳ್ಳುತ್ತ. ಡಾಕ್ಟರು ನಕ್ಕು, "ಈ ಕ್ಯಾಮೆರಾ ಮುಂದೆ ಯಾರೂ ಸುಳ್ಳು ಹೇಳಾಕಾಗಲ್ಲ ನೋಡ್ರಿ" ಎಂದರು.

ಅಲ್ಲಿ ಕೆಲಸಕ್ಕಿದ್ದ ದುರುಗಮ್ಮನ ಮುಂಗೈ ಮೇಲೆ ಹಳೆಯದೊಂದು ತೊಟ್ಟಿಲ ಹಚ್ಚೆ ಇತ್ತು. ಅವಳೇ ಮುಂದೆ ಬಂದು ಕೈ ಚಾಚಿದಳು. ಮೊದಲ ಚಿತ್ರಕ್ಕೆ ಫ್ಲ್ಯಾಷು ಬಡಿದು ಎಣ್ಣೆ ಸವರಿದ್ದ ಅವಳ ಕೈ ಬೆಳ್ಳಗೆ ಹೊಳೆದುಬಿಟ್ಟಿತು. ತೊಟ್ಟಿಲೇ ಕಾಣಲಿಲ್ಲ. "ಹಲ್ಲಿಗೆ ಈ ಲೈಟ್ ಬೇಕು, ಚರ್ಮಕ್ಕೆ ಬೇಡ" ಎಂದು ಡಾಕ್ಟರು ಆ ಬಳೆಯನ್ನು ಬಿಚ್ಚಿ, ದುರುಗಮ್ಮನನ್ನು ಕಿಟಕಿಯ ಹತ್ತಿರ ಕರೆದು, ಸಂಜೆ ಬೆಳಕು ಪಕ್ಕದಿಂದ ಬೀಳುವಂತೆ ಕೈ ಇಡಿಸಿದರು. ಮೊಣಕೈ ಕಿಟಕಿಯ ಕಟ್ಟೆಗೆ ಊರಿ, ಉಸಿರು ಹಿಡಿದು ಒತ್ತಲು ನನಗೆ ಹೇಳಿಕೊಟ್ಟರು. ಒತ್ತಿದೆ. ತೊಟ್ಟಿಲ ಹಗ್ಗದ ಒಂದೊಂದು ಚುಕ್ಕಿಯೂ ಬಂತು. ಸೂಜಿ ಎಲ್ಲಿ ಇಳಿದಿತ್ತು, ಎಲ್ಲಿ ಕೈ ಅಳುಕಿ ಚುಕ್ಕಿ ಅತ್ತ ಸರಿದಿತ್ತು ಎಲ್ಲವೂ. ದುರುಗಮ್ಮ ಇಣುಕಿ ನೋಡಿ, "ಓ, ನಂದೇ ಕೈ!" ಎಂದಳು. ಯುಗಾದಿಯಿಂದ ನಾನು ಕೇಳಲು ಕಾದಿದ್ದ ಮಾತು ಅದು.

ಅಲ್ಲೇ ಕೊಂಡುಬಿಡುತ್ತೇನೆಂದೆ. ದೊಡ್ಡವ್ವನ ಕತೆಯನ್ನೆಲ್ಲ ಕೇಳಿದ್ದ ಡಾಕ್ಟರು ಒಪ್ಪಲಿಲ್ಲ. "ನಿಮ್ಮ ದೊಡ್ಡಮ್ಮನ ಹತ್ರ ಒಯ್ದು ತೆಗೀರಿ ಮೊದಲು. ಅವರು ಕೈ ಕೊಟ್ರೆ ಇದು ನಿಮ್ದು. ಕೊಡಲಿಲ್ಲ ಅಂದ್ರೆ ಇದನ್ನ ತಗೊಂಡು ಏನ್ ಮಾಡ್ತೀರಿ? ವಾಪಸ್ ಕಳಿಸ್ರಿ" ಎಂದರು. ಆ ರಾತ್ರಿ ಅದೇ ಊರಿನಲ್ಲಿರುವ ನಾದಿನಿಯ ಮನೆಯಲ್ಲಿ ಉಳಿದೆವು. ಕ್ಯಾಮೆರಾ ಸಿಕ್ಕಿತ್ತು, ಆದರೆ ಕೈ ಇನ್ನೂ ಸಿಕ್ಕಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹಡಗಲಿ ಪಟ್ಟಣಕ್ಕೆ ಬಂದೆವು; ಹಿರೇಹಡಗಲಿಗೆ ಅಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದ ಹೊರಗೆ ಹೂವಿನವರ ಸಾಲಿನಲ್ಲಿ ದೊಡ್ಡವ್ವನಿಗೆಂದು ನಾಲ್ಕು ಮೊಳ ಮಲ್ಲಿಗೆ ತೆಗೆದುಕೊಂಡೆ. ಹೂವು ಕಟ್ಟುತ್ತಿದ್ದವಳ ಬೆರಳುಗಳು ಅಷ್ಟು ಚುರುಕಾಗಿ ಓಡುತ್ತಿದ್ದವು ಎಂದರೆ, ಕ್ಯಾಮೆರಾ ತೆಗೆದು ಆ ಬೆರಳುಗಳನ್ನು ತೆಗೆಯುವ ಆಸೆ ತಡೆಯಲಾಗಲಿಲ್ಲ. ಎಲ್ಲವೂ ಕದಡಿ ಬಂತು. ಓಡುವುದನ್ನು ಹಿಡಿಯಲು ಇನ್ನೇನೋ ಕಲಿಯಬೇಕು ಎಂದು ತಿಳಿಯಿತು. ಹೂವಿನವಳು, "ಬಂತೇನ್ರಿ?" ಎಂದಳು. "ನಿಮ್ಮ ಬೆರಳು ನಿಲ್ಲಂಗಿಲ್ಲಲ್ಲ" ಎಂದೆ. "ನಿಂತ್ರ ಹೊಟ್ಟಿಗೇನು?" ಎಂದು ನಕ್ಕು ಒಂದು ಗೇಣು ಹೂವು ಹೆಚ್ಚಿಗೇ ಕೊಟ್ಟಳು.

ಹಿರೇಹಡಗಲಿಗೆ ಮುಟ್ಟಿದಾಗ ಹನ್ನೊಂದು ಗಂಟೆ. ದೊಡ್ಡವ್ವನದು ತುಂಬಿದ ಮನೆ. ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ಲೆಕ್ಕವಿಲ್ಲದ ಕೋಳಿ. ಅವಳು ಪಡಸಾಲೆಯಲ್ಲಿ ಓಣಿಯ ಮೂವರು ಗೆಳತಿಯರ ಜೊತೆ ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿತು, ಹೆಗಲಿನ ಕ್ಯಾಮೆರಾ ಚೀಲ ಕಂಡು ಮುದುಡಿತು. ಎರಡೂ ಕೈ ಸೆರಗಿನೊಳಗೆ ಹೋದವು.

"ಮತ್ತ ಬಂದೇನಲೇ ಅಳಸಾಕ?"

ನಾನು ಅವಳಿಗೆ ಹೂವು ಮುಡಿಸಿದೆ. ಊಟದ ಹೊತ್ತಿಗೂ ಆ ಮಾತು ಎತ್ತಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಸರು. ದೊಡ್ಡವ್ವ ಎಡಗೈಯನ್ನು ಸೆರಗಿನಲ್ಲಿಟ್ಟುಕೊಂಡೇ ಉಂಡಳು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದಾಯಿತು ಎಂದುಕೊಂಡೆ.

ಊಟವಾದ ಮೇಲೆ ನಮ್ಮ ಮನೆಯವರು ವಾಡಿಕೆಯಂತೆ ಅಡಿಕೆ ಚೀಲ ಬಿಚ್ಚಿದರು. ನನಗೆ ಸಿಟ್ಟು ಬಂದು, "ನಿನ್ನೆ ಡಾಕ್ಟರ್ ಏನಂದ್ರು? ತೋರಿಸ್ಲೇನು ಎಲ್ಲಾರಿಗೂ?" ಎಂದು ಕ್ಯಾಮೆರಾ ತೆಗೆದು ಆ ಹಲ್ಲಿನ ಚಿತ್ರವನ್ನು ತೆರೆದು ಹಿಡಿದೆ. ಮೊದಲು ಸೊಸೆ ನೋಡಿದಳು, ಕಿರುಚಿದಳು. ಗೆಳತಿಯರು ನೋಡಿದರು. ಶೇಂಗಾ ಮೊರ ಮಗುಚಿತು. ಕೊನೆಗೆ ದೊಡ್ಡವ್ವ ಕುತೂಹಲ ತಾಳಲಾರದೆ ಬಗ್ಗಿದಳು. ನಾನು ಗುಂಡಿ ಒತ್ತಿ ಚಿತ್ರವನ್ನು ಇನ್ನೂ ದೊಡ್ಡದು ಮಾಡಿದೆ.

"ಅಯ್ಯಯ್ಯಯ್ಯೋ! ಅಳಿಯಂದ್ರ ಬಾಯಾಗ ಗವಿ ಐತಲ್ಲೇ ಇದು!"

ಎಲ್ಲರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಮ್ಮ ಮನೆಯವರು ಅಂಗಳಕ್ಕೆ ಹೋಗಿ ಎಮ್ಮೆಯ ಮೈ ತಟ್ಟುತ್ತ ನಿಂತರು. ನಗು ಇಳಿದ ಮೇಲೂ ದೊಡ್ಡವ್ವ ಪರದೆಯನ್ನು ಬಿಡಲಿಲ್ಲ. ನಿಧಾನಕ್ಕೆ ಹೇಳಿದಳು. "ಹಲ್ಲಿನ ಮ್ಯಾಲಿನ ಕಲಿ ಸೈತ ಬಿಟ್ಟಿಲ್ಲಲ್ಲೇ ಇದು. ಇದ್ದದ್ದು ಇದ್ದಂಗ ತೋರ್ಸೈತಿ."

"ಹೂಂ ದೊಡ್ಡವ್ವ. ಇದಕ್ಕ ಅಳಸಾಕ ಬರಂಗಿಲ್ಲ."

ಪರದೆಯನ್ನು ಇನ್ನೊಮ್ಮೆ ಕಣ್ಣಿಗೆ ಹತ್ತಿರ ಎಳೆದು ನೋಡಿದಳು. ಆಮೇಲೆ ಸೆರಗಿನಿಂದ ಎಡಗೈ ಹೊರಗೆ ಬಂತು. "ಒಂದು ತೆಗಿ. ಮೊದಲ ನಾನು ನೋಡ್ತೀನಿ."

ಬಾಗಿಲ ಬೆಳಕಿಗೆ ಶೇಂಗಾ ಚೀಲವೊಂದನ್ನು ಎಳೆದು ಅದರ ಮೇಲೆ ಕೈ ಇಡಿಸಿದೆ. ಹೊರಗೆ ಮೋಡ ಮುಚ್ಚಿ ಬೆಳಕು ಹದವಾಗಿತ್ತು. ಹೊಸ್ತಿಲ ಪಕ್ಕ ಮೊಣಕೈ ಊರಿ, ಉಸಿರು ಹಿಡಿದು ಒತ್ತಿದೆ. ಪರದೆಯನ್ನು ಅವಳ ಕಡೆ ತಿರುಗಿಸಿ, ಮೊಣಕೈಯಿಂದ ಕೆಳಗೆ ಒಂದೊಂದೇ ಚಿತ್ತಾರ ದೊಡ್ಡದಾಗಿ ಕಾಣುವಂತೆ ಸರಿಸುತ್ತ ಹೋದೆ. ದೊಡ್ಡವ್ವನ ಕಣ್ಣು ಮಂಜಾಗಿ ವರ್ಷಗಳಾಗಿವೆ. ತನ್ನ ಕೈಯನ್ನು ಅವಳು ಅಷ್ಟು ಸ್ಪಷ್ಟವಾಗಿ ಯಾವ ಕಾಲದಲ್ಲಿ ನೋಡಿದ್ದಳೋ. "ಚೇಳು... ಬಾಸಿಂಗ... ಇದು ತುಳಸಿಕಟ್ಟಿ" ಎಂದು ಹೆಸರು ಹೇಳುತ್ತ ಬಂದವಳು ಮಣಿಕಟ್ಟಿನ ಹತ್ತಿರ ಒಮ್ಮೆಲೇ, "ತಡಿ!" ಎಂದಳು.

ಅಲ್ಲಿ ಹೆಬ್ಬೆರಳಿನಷ್ಟು ಸಣ್ಣದೊಂದು ನವಿಲಿತ್ತು. ಬರಿಗಣ್ಣಿಗೆ ಅದು ನನಗೆ ಯಾವತ್ತೂ ಕಲೆಯಂತೆ ಕಂಡಿತ್ತು.

"ಇದು ಉಳಿದೈತೇನು! ನಾನು ಹೋತಂತ ಮಾಡಿದ್ದೆ." ಅವಳ ಬೆರಳು ಪರದೆಯನ್ನು ಮುಟ್ಟಿತು. "ಇದರ ಜೋಡಿ ನಿಮ್ಮವ್ವನ ಕೈಯಾಗ ಇತ್ತು, ಗೊತ್ತೇನು? ಹಚ್ಚಿ ಹಾಕಾಕಿ ಬಂದಾಗ ನನಗ ಹತ್ತು ವರ್ಷ, ನಿಮ್ಮವ್ವ ಇನ್ನೂ ಸಣ್ಣಾಕಿ. ನೋವಿಗೆ ಅಂಜಿ ಅಳಾಕ ಹತ್ತಿದ್ಲು. ಅಕ್ಕಗ ಒಂದು, ನಿನಗ ಒಂದು, ಕೈಗೆ ಕೈ ಹಚ್ಚಿದ್ರ ಒಂದಕ್ಕೊಂದು ಮಾರಿ ನೋಡ್ತಾವ ಅಂದ್ಲು ಆಕಿ. ಅದನ್ನ ಕೇಳಿ ನಿಮ್ಮವ್ವ ಕೈ ಕೊಟ್ಲು."

ನಮ್ಮ ಅವ್ವ ತೀರಿಕೊಂಡು ಹದಿನಾರು ವರ್ಷವಾಯಿತು. ರೊಟ್ಟಿ ಬಡಿಯುವಾಗ ಅವಳ ಬಲಗೈಯ ಮಣಿಕಟ್ಟಿನಲ್ಲಿ ಮೇಲೆ ಕೆಳಗೆ ಕುಣಿಯುತ್ತಿದ್ದ ಆ ಹಕ್ಕಿಯನ್ನು ನಾನು ದಿನಾ ನೋಡುತ್ತ ಬೆಳೆದೆ. ಅದು ಯಾರನ್ನು ನೋಡುತ್ತಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅದರ ಚಿತ್ರ ಎಲ್ಲೂ ಇಲ್ಲ.

"ನೀನು ಚಿತ್ರ ಬರಿಯಾಕಿ ಅಲ್ಲೇನು? ಬರಿ ಮತ್ತ" ಎಂದಳು ದೊಡ್ಡವ್ವ.

"ಎಲ್ಲಿ?"

"ಕೈ ಮ್ಯಾಲ. ಮತ್ತೆಲ್ಲಿ?"

ನಮ್ಮ ಮನೆಯವರ ಜೇಬಿನಿಂದ ಪೆನ್ನು ತೆಗೆದುಕೊಂಡೆ. ಅವ್ವನದು ಬಲಗೈಯಲ್ಲಿತ್ತು, ನಾನೂ ಬಲಗೈಗೇ ಬರೆಯಬೇಕು, ಎಡಗೈಯಿಂದ. ಮೂವತ್ತು ವರ್ಷ ಚಿತ್ರ ಕಲಿಸಿದವಳ ಗೆರೆ ಒಂದನೇ ತರಗತಿಯ ಮಗುವಿನದರಂತೆ ಅಲ್ಲಾಡಿತು. ಗೆಳತಿಯರೆಲ್ಲ ಸುತ್ತ ಬಗ್ಗಿದರು. "ಕುತ್ತಿಗಿ ಇನ್ನೊಂಚೂರು ಉದ್ದ", "ಪುಕ್ಕಕ್ಕ ಐದು ಚುಕ್ಕಿ", "ಐದಲ್ಲ, ಏಳು" ಎಂದು ದೊಡ್ಡವ್ವ ತನ್ನ ನೆನಪಿನಿಂದ, ನಾನು ನನ್ನ ನೆನಪಿನಿಂದ, ಇಬ್ಬರೂ ಜಗಳವಾಡಿ ಕೊನೆಗೆ ಆರಕ್ಕೆ ರಾಜಿಯಾದೆವು. ಮುಗಿದ ಮೇಲೆ ಅವಳು ನನ್ನ ಕೈಯನ್ನು ಎಳೆದು ತನ್ನ ಕೈ ಪಕ್ಕ ಚೀಲದ ಮೇಲೆ ಇಟ್ಟಳು. ನವಿಲುಗಳು ಎದುರುಬದುರಾದವು. ಒಂದು ಎಪ್ಪತ್ತು ವರ್ಷಕ್ಕೂ ಹಳೆಯದು, ಇನ್ನೊಂದು ನೀಲಿ ಮಸಿಯಲ್ಲಿ ಇನ್ನೂ ಒದ್ದೆ.

"ಬಂದ್ಲು ನೋಡು" ಎಂದಳು ದೊಡ್ಡವ್ವ. ನಮ್ಮ ಮನೆಯವರು ಕ್ಯಾಮೆರಾ ಹಿಡಿದು, ನಾನು ಕಲಿಸಿದಂತೆ ಮೊಣಕೈ ಊರಿ, ಉಸಿರು ಬಿಗಿಹಿಡಿದು ಆ ಎರಡು ಕೈಗಳನ್ನು ತೆಗೆದರು. ಅವರು ತೆಗೆದ ಮೊದಲ ಫೋಟೋ ಅದು. ಅದರಲ್ಲಿ ಒಂದು ಗೆರೆಯೂ ಅಲ್ಲಾಡಿಲ್ಲ.

ಆಮೇಲೆ ನನಗೆ ಪುರುಸೊತ್ತೇ ಆಗಲಿಲ್ಲ. ಮೂವರು ಗೆಳತಿಯರೂ ಕುಪ್ಪಸದ ತೋಳು ಏರಿಸಿ ಸರದಿ ಹಚ್ಚಿದರು. ಸುದ್ದಿ ಓಣಿಗೆ ಹಬ್ಬಿ ಇನ್ನೂ ಐದಾರು ಜನ ಬಂದರು. ಒಬ್ಬಳ ಕಾಲಿನ ಮೀನಖಂಡದ ಮೇಲೆ, ಒಬ್ಬಳ ಗದ್ದದ ಮೇಲೆ ಹಚ್ಚೆ. ಒಬ್ಬೊಬ್ಬಳೂ ತನ್ನದನ್ನು ದೊಡ್ಡದಾಗಿ ನೋಡಿದ ಮೇಲೇ ಎದ್ದದ್ದು. ನಡುವೆ ದೊಡ್ಡವ್ವ ಕ್ಯಾಮೆರಾ ಇಸಿದುಕೊಂಡು ಹನ್ನೊಂದು ಫೋಟೋ ತೆಗೆದಳು. ಹನ್ನೊಂದೂ ಕೋಳಿಯವು.

ಮೋಡ ಕವಿದು ಬೆಳಕು ಕಡಿಮೆಯಾದಾಗ ಶಬಾನಾ ಡಾಕ್ಟರಿಗೆ ಫೋನು ಮಾಡಿದೆ. "ಕೈ ಕೊಟ್ರು ಡಾಕ್ಟರ್." ಅವರು ಆ ಕಡೆಯಿಂದ, "ನಂಗೊತ್ತಿತ್ತು ಬಿಡ್ರಿ" ಎಂದರು. ಅವರಿಗೆ ಹೇಗೆ ಗೊತ್ತಿತ್ತೋ ತಿಳಿಯದು. ಅಲ್ಲೇ ಫೋನಿನಲ್ಲೇ ದುಡ್ಡು ಕಳಿಸಿದೆವು. ಕ್ಯಾಮೆರಾ ನನ್ನದಾಯಿತು.

ಸಂಜೆ ಐದರ ಬಸ್ಸಿಗೆ ಹೊರಟೆವು. ಹಡಗಲಿಗೆ ಹೋಗಿ, ಅಲ್ಲಿಂದ ಕೊಟ್ಟೂರಿನ ಮೇಲೆ ಕೂಡ್ಲಿಗಿ. ಬಸ್ಸು ದೊಡ್ಡವ್ವನ ಮನೆಯ ಮುಂದೆಯೇ ಹಾದುಹೋಗುತ್ತದೆ. ಯಾವತ್ತೂ ಅವಳು ಕಟ್ಟೆಯ ಮೇಲೆ ನಿಂತು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಎತ್ತಿ ಕಳಿಸುವವಳು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ದೊಡ್ಡವ್ವಾ!" ಎಂದು ಕೂಗಿದೆ. ಕಟ್ಟೆಯ ಮೇಲೆ ಹತ್ತು ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ತೋಳು ಏರಿಸಿಕೊಂಡು, ಕೈಗೆ ಕೈ ಹಚ್ಚಿ, ಯಾರ ಚೇಳು ಯಾವ ಕಡೆ ನೋಡುತ್ತದೆ, ಯಾರ ಬಳ್ಳಿ ಎಲ್ಲಿ ಕೂಡುತ್ತದೆ ಎಂದು ನೋಡಿಕೊಳ್ಳುತ್ತ ಜೋರಾಗಿ ವಾದ ಮಾಡುತ್ತಿದ್ದರು. ನಮ್ಮ ಬಸ್ಸಿನ ಕಡೆ ಒಬ್ಬರೂ ತಿರುಗಲಿಲ್ಲ.